ತಪ್ಪಿನ ಬೆಲೆಯ ಕ್ರಮದಲ್ಲಿ ಒಂದು ಪಾಠ: ಕ್ಯಾಬಿನೆಟ್ಟಿನ ತಂತಿಗಳನ್ನು ಮದರ್‌ಬೋರ್ಡಿಗೆ ಜೋಡಿಸುವುದು

ಮೊದಲ ಬಾರಿಗೆ ಕಂಪ್ಯೂಟರ್ ಜೋಡಿಸುವವರಿಗೆ ದೊಡ್ಡ ಭಾಗಗಳು ಅಷ್ಟಾಗಿ ತೊಂದರೆ ಕೊಡುವುದಿಲ್ಲ. ರ‍್ಯಾಮ್ ಒಂದೇ ದಿಕ್ಕಿನಲ್ಲಿ ಕೂರುತ್ತದೆ. ಎಸ್‌ಎಂಪಿಎಸ್‌ನಿಂದ ಬರುವ 24 ಪಿನ್ನಿನ ದಪ್ಪ ಕನೆಕ್ಟರಿಗೆ ಕೊಂಡಿಯಿದೆ; ತಿರುಗಿಸಿ ಹಾಕಲು ಹೋದರೆ ಅದು ಒಳಗೆ ಇಳಿಯುವುದೇ ಇಲ್ಲ. ಕೈ ತಡೆಯುವುದು ಕೊನೆಯಲ್ಲಿ, ಕ್ಯಾಬಿನೆಟ್ಟಿನ ಮುಂಭಾಗದಿಂದ ಇಳಿದುಬರುವ ಸಣ್ಣ ತಂತಿಗಳ ಗೊಂಚಲನ್ನು ಹಿಡಿದಾಗ. ಪವರ್ ಬಟನ್, ರೀಸೆಟ್ ಬಟನ್, ಎರಡು ಪುಟ್ಟ ದೀಪಗಳು, ಮುಂಭಾಗದ ಯುಎಸ್‌ಬಿ, ಇಯರ್‌ಫೋನಿನ ತೂತು – ಇವುಗಳ ತಂತಿಗಳೆಲ್ಲ ಬೋರ್ಡಿನ ಅಂಚಿನಲ್ಲಿ ನಿಂತಿರುವ ಬರಿಯ ಪಿನ್ನುಗಳಿಗೆ ಹೋಗಬೇಕು. ಅವುಗಳಲ್ಲಿ ಬಹುಪಾಲಿಗೆ ಕೊಂಡಿಯಿಲ್ಲ, ತಡೆಯಿಲ್ಲ. ಎಲ್ಲಿ ಬೇಕಾದರೂ ಕೂರುತ್ತವೆ.

ನಮ್ಮ ಕಾಲೇಜಿನ ಪ್ರಶಿಕ್ಷಣಾರ್ಥಿಗಳು ಅಭ್ಯಾಸ ಶಾಲೆಯ ಒಂಬತ್ತನೆಯ ತರಗತಿಗೆ ಇದನ್ನು ಎರಡು ಅವಧಿಗಳ ಪಾಠವಾಗಿ ಮಾಡುತ್ತಾರೆ. ಕಂಪ್ಯೂಟರ್ ಕೊಠಡಿಯ ಮೂಲೆ ಸೇರಿದ ಎರಡು ಯಂತ್ರಗಳಿಂದ ಒಳ್ಳೆಯ ಭಾಗಗಳನ್ನು ತೆಗೆದು, ಓಡುವ ಯಂತ್ರವೊಂದನ್ನು ಮಕ್ಕಳೇ ಮಾಡಬೇಕೆಂಬುದು ಯೋಜನೆ. ಕೆಲಸ ಮಾಡುವ ಬೋರ್ಡು ಇರುವುದು ಒಂದೇ. ಅದು ಸುಟ್ಟರೆ ಯೋಜನೆ ಅಲ್ಲಿಗೇ ಮುಗಿಯಿತು. ಜೊತೆಗೆ 'ಮಕ್ಕಳ ಕೈಗೆ ಕೊಟ್ಟರೆ ಹೀಗೇ' ಎಂಬ ಮಾತು ಶಾಲೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಕೊಠಡಿಗೆ ಬೀಗ ಬೀಳುತ್ತದೆ. ಹೀಗಾಗಿ ಈ ಪಾಠದಲ್ಲಿ ಶಿಕ್ಷಕರು ಎರಡು ಕಡೆಗೆ ಜಾರುವುದನ್ನು ನೋಡಿದ್ದೇನೆ. ಕೆಲವರು ಹೆದರಿ, ತಾವೇ ಜೋಡಿಸಿ ತೋರಿಸಿ, ಮಕ್ಕಳಿಂದ ಚಿತ್ರ ಬರೆಸುತ್ತಾರೆ. ಇನ್ನು ಕೆಲವರು ಬಣ್ಣದ ಪಟ್ಟಿ ಅಂಟಿಸುತ್ತಾರೆ: ಕೆಂಪು ಇಲ್ಲಿ, ನೀಲಿ ಅಲ್ಲಿ, ಬಿಳಿ ಪಕ್ಕದಲ್ಲಿ.

ಬಣ್ಣದ ಪಟ್ಟಿಯ ಬಗ್ಗೆ ನನಗೆ ಹೆಚ್ಚಿನ ತಕರಾರಿದೆ. ಈ ತಂತಿಗಳ ಬಣ್ಣವನ್ನು ಕ್ಯಾಬಿನೆಟ್ ಮಾಡಿದವರು ತಮಗೆ ತೋಚಿದಂತೆ ಹಾಕಿರುತ್ತಾರೆ. ಬಿಳಿ ಅಥವಾ ಕಪ್ಪು ಸಾಮಾನ್ಯವಾಗಿ ಋಣ ಎಂಬುದಷ್ಟೇ ಸುಮಾರಾಗಿ ನಡೆಯುವ ರೂಢಿ. ಈಚಿನ ಎಷ್ಟೋ ಕ್ಯಾಬಿನೆಟ್ಟುಗಳಲ್ಲಿ ತಂತಿಗಳೆಲ್ಲ ಕಪ್ಪೇ. ಪಟ್ಟಿ ಕಲಿತ ಮಗು ಆ ಒಂದು ಪೆಟ್ಟಿಗೆಯನ್ನಷ್ಟೇ ಕಲಿತಿರುತ್ತದೆ.

ಪ್ರಾತ್ಯಕ್ಷಿಕೆ ಪಾಠಕ್ಕೆ ನಾನು ಇಟ್ಟುಕೊಂಡ ಕ್ರಮ ಬೇರೆ. ತಂತಿಗಳನ್ನು ಅವು ಬೋರ್ಡಿನಲ್ಲಿರುವ ಜಾಗದ ಪ್ರಕಾರವಾಗಲಿ, ಹೆಸರಿನ ಪ್ರಕಾರವಾಗಲಿ ತೆಗೆದುಕೊಳ್ಳದೆ, ತಪ್ಪಾದರೆ ಏನು ನಷ್ಟ ಎಂಬ ಪ್ರಕಾರ ತೆಗೆದುಕೊಂಡೆ. ಹೇಗೆ ಹಾಕಿದರೂ ನಡೆಯುವವು ಮೊದಲು. ತಿರುವಿ ಹಾಕಿದರೆ ಕೆಲಸ ಮಾಡದೆ ಸುಮ್ಮನಿರುವವು ಆಮೇಲೆ. ತಪ್ಪಾದರೆ ಸುಡುವವು ಕೊನೆಗೆ. ಮಕ್ಕಳ ಭಯ ಎಲ್ಲ ತಂತಿಗಳ ಮೇಲೂ ಒಂದೇ ಸಮನಾಗಿ ಹರಡಿರುತ್ತದೆ. ಅದನ್ನು ಅದು ಇರಬೇಕಾದ ಒಂದು ಜಾಗಕ್ಕೆ ಸರಿಸಿದರೆ, ಉಳಿದ ಕಡೆ ಕೈ ಧಾರಾಳವಾಗಿ ಆಡುತ್ತದೆ.

ಪೀಠಿಕೆಯ ಬಗ್ಗೆ ಒಂದು ಮಾತು. ಮಕ್ಕಳು ಇಡೀ ಪೆಟ್ಟಿಗೆಯನ್ನು 'ಸಿಪಿಯು' ಎನ್ನುತ್ತಾರೆ. ಅಂಗಡಿಯಲ್ಲೂ ಅದೇ ಮಾತು, ಶಿಕ್ಷಕರ ಕೊಠಡಿಯಲ್ಲೂ ಅದೇ. ಇದನ್ನು ತಿದ್ದಲು ಐದು ನಿಮಿಷ ಕಳೆಯುವ ಪಾಠಯೋಜನೆಗಳನ್ನು ನೋಡಿದ್ದೇನೆ. ಪೆಟ್ಟಿಗೆ ತೆರೆದು, ಫ್ಯಾನಿನ ಕೆಳಗೆ ಕೂತಿರುವುದೇ ಸಿಪಿಯು ಎಂದು ಬೆರಳು ತೋರಿಸಿದರೆ ಸಾಕು. ತೆರೆಯುವ ಮೊದಲು ಮಾತ್ರ ಕಡ್ಡಾಯವಾದ ಕೆಲವು ಕೆಲಸಗಳಿವೆ: ಗೋಡೆಯ ಪ್ಲಗ್ ಕೀಳುವುದು, ಕಿತ್ತ ಮೇಲೆ ಪವರ್ ಬಟನ್ ಒಮ್ಮೆ ಒತ್ತಿ ಉಳಿದ ವಿದ್ಯುತ್ತನ್ನು ಖಾಲಿ ಮಾಡುವುದು, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ ಮೈಮೇಲಿನ ಸ್ಥಿರ ವಿದ್ಯುತ್ತನ್ನು ಇಳಿಸುವುದು. ಎಸ್‌ಎಂಪಿಎಸ್ ಡಬ್ಬಿಯನ್ನು ಯಾರೂ, ಯಾವಾಗಲೂ ಬಿಚ್ಚುವಂತಿಲ್ಲ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಅಪಾಯದ ವಿದ್ಯುತ್ತು ಉಳಿದಿರುತ್ತದೆ.

ಹೇಗೆ ಹಾಕಿದರೂ ನಡೆಯುವವು

ಮೊದಲು ಮಕ್ಕಳ ಕೈಗೆ ಕೊಟ್ಟದ್ದು ಕೆಟ್ಟ ಕ್ಯಾಬಿನೆಟ್ಟಿನಿಂದ ಬಿಚ್ಚಿದ ಮುಂಭಾಗದ ಪಟ್ಟಿಯನ್ನು. ಬೋರ್ಡು ಇನ್ನೂ ಮೇಜಿನ ಮೇಲೆ ಬಂದಿರಲಿಲ್ಲ. ಎರಡು ಶುಷ್ಕಕೋಶ, ಒಂದು ಟಾರ್ಚ್ ಬಲ್ಬು, ತಂತಿಯ ತುಂಡುಗಳು – ಆರನೆಯ ತರಗತಿಯಿಂದ ಅವರಿಗೆ ಗೊತ್ತಿರುವ ಮಂಡಲ. ಸ್ವಿಚ್ಚಿನ ಜಾಗದಲ್ಲಿ 'ಪವರ್ ಎಸ್‌ಡಬ್ಲ್ಯು' ಎಂದು ಬರೆದ ಕನೆಕ್ಟರಿನ ಎರಡು ತೂತುಗಳನ್ನು ಸೇರಿಸಲು ಹೇಳಿದೆ. ಬಟನ್ ಒತ್ತಿದರೆ ಬಲ್ಬು ಹತ್ತಿತು, ಬಿಟ್ಟರೆ ಆರಿತು. ತಂತಿ ಅದಲುಬದಲು ಮಾಡಿದರು, ಹಾಗೆಯೇ ಹತ್ತಿತು. 'ರೀಸೆಟ್ ಎಸ್‌ಡಬ್ಲ್ಯು' ಹಾಕಿ ನೋಡಿದರು, ಅದೂ ಹಾಗೆಯೇ. ಎರಡೂ ಬಟನ್ನುಗಳ ಒಳಗೆ ಇರುವುದು ಒಂದೇ ಬಗೆಯ ಸ್ವಿಚ್ಚು, ದಿಕ್ಕಿನ ಹಂಗು ಎರಡಕ್ಕೂ ಇಲ್ಲ ಎಂಬುದನ್ನು ನಾನು ಹೇಳಬೇಕಾಗಿ ಬರಲಿಲ್ಲ.

ಆಮೇಲೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಬಾರದಿದ್ದರೆ ಶಿಕ್ಷಕರು ಎತ್ತಬೇಕು: ಬಿಟ್ಟ ಕೂಡಲೇ ಬಲ್ಬು ಆರುತ್ತದೆ, ಹಾಗಾದರೆ ಕಂಪ್ಯೂಟರ್ ಏಕೆ ಆರುವುದಿಲ್ಲ? ಇದಕ್ಕೆ ನಾನು ಮನೆಯ ದೀಪದ ಸ್ವಿಚ್ಚನ್ನೂ ಬಾಗಿಲ ಬೆಲ್ಲನ್ನೂ ಹೋಲಿಸಿದೆ. ದೀಪದ ಸ್ವಿಚ್ಚಿನ ಮೂಲಕ ದೀಪಕ್ಕೆ ಹೋಗುವ ವಿದ್ಯುತ್ತೇ ಹರಿಯುತ್ತದೆ. ಬೆಲ್ ಒತ್ತಿದರೆ ಒಳಗಿನವರಿಗೆ ಗೊತ್ತಾಗುತ್ತದೆ ಅಷ್ಟೆ. ಬಾಗಿಲು ತೆಗೆಯುವವರು ಅವರು. ಆಗ ಹಿಂದಿನ ಸಾಲಿನ ಹುಡುಗಿಯೊಬ್ಬಳು, "ಹಾಗಾದ್ರೆ ಸಾರ್, ಬೆಲ್ ಕೇಳಿಸ್ಕೊಳ್ಳೋಕೆ ಒಳಗೆ ಯಾರಾದ್ರೂ ಎಚ್ಚರ ಇರ್ಬೇಕಲ್ಲ?" ಎಂದಳು. ಪಾಠಯೋಜನೆಯ ವಿವರಣೆಯ ಹಂತವನ್ನು ಅವಳು ಒಂದೇ ಮಾತಿನಲ್ಲಿ ಶುರುಮಾಡಿಕೊಟ್ಟಳು.

ಎಚ್ಚರ ಇರುವವರಿದ್ದಾರೆ. ಗೋಡೆಯ ಸ್ವಿಚ್ಚು ಹಾಕಿದ್ದರೆ, ಕಂಪ್ಯೂಟರ್ 'ಆಫ್' ಇದ್ದಾಗಲೂ ಎಸ್‌ಎಂಪಿಎಸ್ ಒಂದು ತಂತಿಯಲ್ಲಿ 5 ವೋಲ್ಟನ್ನು ಬೋರ್ಡಿಗೆ ಕೊಡುತ್ತಲೇ ಇರುತ್ತದೆ. ಬಣ್ಣದ ರೂಢಿ ಪಾಲಿಸಿದ ಎಸ್‌ಎಂಪಿಎಸ್‌ಗಳಲ್ಲಿ ಅದು ನೇರಳೆ ತಂತಿ. ಬಟನ್ ಒತ್ತಿದಾಗ ಎರಡು ಪಿನ್ನುಗಳು ಒಂದು ಕ್ಷಣ ಕೂಡುತ್ತವೆ. ಬೋರ್ಡು ಅದನ್ನು ಗಮನಿಸಿ, ಹಸಿರು ತಂತಿಯನ್ನು ನೆಲದ ಮಟ್ಟಕ್ಕೆ ಎಳೆದು ಹಿಡಿಯುತ್ತದೆ. ಆಗ ಎಸ್‌ಎಂಪಿಎಸ್ ಪೂರ್ತಿ ಎದ್ದು 12, 5, 3.3 ವೋಲ್ಟುಗಳನ್ನು ಕೊಡತೊಡಗುತ್ತದೆ. ಇಂಟೆಲ್ 1995ರಲ್ಲಿ ತಂದ ಎಟಿಎಕ್ಸ್ ವಿನ್ಯಾಸದೊಂದಿಗೆ ಬಂದ ಪದ್ಧತಿಯಿದು. ಅದಕ್ಕೂ ಹಿಂದಿನ ಎಟಿ ಕ್ಯಾಬಿನೆಟ್ಟುಗಳಲ್ಲಿ ಮುಂಭಾಗದ ಸ್ವಿಚ್ಚಿಗೆ ಗೋಡೆಯ ವಿದ್ಯುತ್ತೇ, ಅಂದರೆ ನಮ್ಮಲ್ಲಿ 230 ವೋಲ್ಟೇ ಬರುತ್ತಿತ್ತು. ಹಳೆಯ ಸಾಮಾನಿನ ರಾಶಿಯಲ್ಲಿ ಅಂಥ ಪೆಟ್ಟಿಗೆ ಸಿಕ್ಕರೆ ಈ ಪಾಠಕ್ಕೆ ತರಲೇಬಾರದು. ಬಟನ್ ಹಿಂದಿನಿಂದ ನಾಲ್ಕು ದಪ್ಪ ತಂತಿಗಳು ನೇರವಾಗಿ ಎಸ್‌ಎಂಪಿಎಸ್‌ಗೆ ಹೋಗಿದ್ದರೆ ಅದು ಆ ಜಾತಿಯದು.

ಬಟನ್ನನ್ನು ನಾಲ್ಕು ಸೆಕೆಂಡಿಗಿಂತ ಹೆಚ್ಚು ಒತ್ತಿಹಿಡಿದರೆ ಯಂತ್ರ ಬಲವಂತವಾಗಿ ಆರುವುದೂ ಇದೇ ಏರ್ಪಾಡಿನ ಕೆಲಸ. ಬೆಲ್ಲನ್ನು ಬಿಡದೆ ಒತ್ತಿದರೆ ಒಳಗಿನವರು ಬೇರೆ ಅರ್ಥ ಮಾಡಿಕೊಳ್ಳುತ್ತಾರೆ ಎಂದರೆ ಮಕ್ಕಳು ನಕ್ಕು ಒಪ್ಪುತ್ತಾರೆ.

ತಿರುವಿದರೆ ಸುಮ್ಮನಿರುವವು

ದೀಪಗಳದ್ದು ಬೇಗ ಮುಗಿಯುತ್ತದೆ. ಎಲ್‌ಇಡಿಯ ಉದ್ದದ ಕಾಲು ಧನಾಗ್ರಕ್ಕೆ ಎಂಬುದನ್ನು ಮಕ್ಕಳು ಹಿಂದಿನ ತರಗತಿಯಲ್ಲಿ ಓದಿರುತ್ತಾರೆ. ಕ್ಯಾಬಿನೆಟ್ಟಿನಲ್ಲಿ ಕಾಲು ಕಾಣುವುದಿಲ್ಲ. ಅದರ ಬದಲು ಎಷ್ಟೋ ಕನೆಕ್ಟರುಗಳ ಮೇಲೆ ಒಂದು ಪುಟ್ಟ ತ್ರಿಕೋನದ ಗುರುತು ಅಥವಾ ಕೂಡಿಸುವ ಚಿಹ್ನೆ ಧನದ ಬದಿಯನ್ನು ತೋರಿಸುತ್ತದೆ. ಎರಡು ಕೋಶಗಳ 3 ವೋಲ್ಟಿಗೆ 100 ಓಮ್ ರೋಧಕ ಸೇರಿಸಿ ಪರೀಕ್ಷಿಸಬಹುದು. ಕೆಂಪು ಎಲ್‌ಇಡಿ ತನಗೆಂದು ಸುಮಾರು 2 ವೋಲ್ಟ್ ಇಟ್ಟುಕೊಳ್ಳುತ್ತದೆ, ಉಳಿದ 1 ವೋಲ್ಟು 100 ಓಮಿನ ಮೇಲೆ ಬಿದ್ದು 10 ಮಿಲಿಆಂಪಿಯರ್ ಹರಿಯುತ್ತದೆ. ಹತ್ತನೆಯ ತರಗತಿಗೆ ಈ ಪಾಠ ಮಾಡುವವರು ಓಮನ ನಿಯಮದ ಲೆಕ್ಕವನ್ನು ಇಲ್ಲೇ ಮಾಡಿಸಬಹುದು. ನೀಲಿ, ಬಿಳಿ ಎಲ್‌ಇಡಿಗಳಿಗೆ 3 ವೋಲ್ಟ್ ಸಾಲದೆ ಮಂಕಾಗಿ ಕಾಣಬಹುದು. ಇನ್ನೊಂದು ಕೋಶ ಸೇರಿಸಬೇಕು. ತಿರುವಿ ಹಾಕಿದಾಗ ಹತ್ತಲಿಲ್ಲ, ಮತ್ತೆ ಸರಿಯಾಗಿ ಹಾಕಿದಾಗ ಹತ್ತಿತು. ಏನೂ ಹಾಳಾಗಿಲ್ಲ ಎಂಬುದನ್ನು ಪ್ರತಿಯೊಂದು ಗುಂಪೂ ಕಣ್ಣಾರೆ ಕಾಣಬೇಕು, ಆದ್ದರಿಂದ ತಿರುವಿ ಹಾಕುವುದನ್ನು ಚಟುವಟಿಕೆಯ ಭಾಗವಾಗಿಯೇ ಬರೆದಿಟ್ಟುಕೊಳ್ಳಿ.

ಇಷ್ಟು ಆದ ಮೇಲೆ ಅಕ್ಷರಗಳ ಬೀಗ ತಾನಾಗಿ ತೆರೆಯುತ್ತದೆ. ಬೋರ್ಡಿನ ಮೇಲಿನ ಬರಹ ಇಂಗ್ಲಿಷಿನಲ್ಲಿ, ಅದೂ ಕತ್ತರಿಸಿದ ರೂಪದಲ್ಲಿ ಇರುವುದು ಕನ್ನಡ ಮಾಧ್ಯಮದ ಮಕ್ಕಳನ್ನು ಹೆದರಿಸುತ್ತದೆ. ಎಲ್ಲವನ್ನೂ ಬಾಯಿಪಾಠ ಮಾಡಿಸಬೇಕಿಲ್ಲ, ಹೆಸರಿನ ಬಾಲ ನೋಡಲು ಕಲಿಸಿದರೆ ಸಾಕು. 'ಎಸ್‌ಡಬ್ಲ್ಯು' ಎಂದು ಮುಗಿದರೆ ಸ್ವಿಚ್ಚು, ದಿಕ್ಕಿನ ಚಿಂತೆಯಿಲ್ಲ. 'ಎಲ್‌ಇಡಿ' ಎಂದು ಮುಗಿದರೆ ದೀಪ, ದಿಕ್ಕು ನೋಡಬೇಕು. 'ಯುಎಸ್‌ಬಿ' ಎಂದಿದ್ದರೆ ಕೈ ಹಿಂದಕ್ಕೆ.

ನಕ್ಷೆ ತಿರುಗಿಸುವುದು

ಈ ಪಾಠದ ನಿಜವಾದ ಕಷ್ಟ ಇರುವುದು ವಿದ್ಯುತ್ತಿನಲ್ಲಲ್ಲ, ನಕ್ಷೆಯಲ್ಲಿ. ಪ್ರಶಿಕ್ಷಣಾರ್ಥಿಗಳ ಪಾಠಗಳಲ್ಲಿ ಇದಕ್ಕೆ ಸಿಗುವ ಸಮಯ ತೀರ ಕಡಿಮೆ.

ಮುಂಭಾಗದ ಬಟನ್ನು-ದೀಪಗಳಿಗೆಂದು ಬೋರ್ಡಿನಲ್ಲಿರುವ ಪಿನ್ನುಗಳ ಗುಂಪು, ಅಂದರೆ ಹೆಡರ್, ಇಂದಿನ ಬಹುಪಾಲು ಬೋರ್ಡುಗಳಲ್ಲಿ ಇಂಟೆಲ್ ಮಾದರಿಯನ್ನೇ ಅನುಸರಿಸುತ್ತದೆ. ಐದೈದರ ಎರಡು ಸಾಲು, ಪಿನ್ನಿನಿಂದ ಪಿನ್ನಿಗೆ 2.54 ಮಿಲಿಮೀಟರ್. ಒಂದು ಸಾಲು ಬೆಸ ಸಂಖ್ಯೆಗಳದು, ಎದುರು ಸಾಲು ಸಮಸಂಖ್ಯೆಗಳದು. ಬೆಸ ಸಾಲಿನಲ್ಲಿ 1 ಮತ್ತು 3 ಹಾರ್ಡ್ ಡಿಸ್ಕ್ ದೀಪಕ್ಕೆ, 5 ಮತ್ತು 7 ರೀಸೆಟ್ಟಿಗೆ. ಸಮ ಸಾಲಿನಲ್ಲಿ 2 ಮತ್ತು 4 ಪವರ್ ದೀಪಕ್ಕೆ, 6 ಮತ್ತು 8 ಪವರ್ ಬಟನ್ನಿಗೆ. ದೀಪಗಳಲ್ಲಿ 1 ಮತ್ತು 2 ಧನ. 9ಕ್ಕೆ ಈ ತಂತಿಗಳಲ್ಲಿ ಯಾವುದೂ ಹೋಗುವುದಿಲ್ಲ. 10ರ ಜಾಗದಲ್ಲಿ ಪಿನ್ನೇ ಇಲ್ಲ. ಈ ಮಾದರಿಯನ್ನು ಪಾಲಿಸದ ಬೋರ್ಡುಗಳೂ ಇವೆ. ಆದ್ದರಿಂದ ಬೋರ್ಡಿನ ಮೇಲೆ ಅಚ್ಚಾದ ಮಾದರಿ ಸಂಖ್ಯೆ ನೋಡಿ, ತಯಾರಕರ ಜಾಲತಾಣದಿಂದ ಅದರ ಕೈಪಿಡಿ ಇಳಿಸಿ, ಆ ಒಂದು ಪುಟವನ್ನು ಮುದ್ರಿಸಿ ತರಬೇಕು. ಮೇಲಿನ ಸಂಖ್ಯೆಗಳನ್ನು ಮಕ್ಕಳು ನೆನಪಿಡಬೇಕಾದ್ದಿಲ್ಲ, ಶಿಕ್ಷಕರೂ ನೆನಪಿಡಬೇಕಾದ್ದಿಲ್ಲ.

ಕೈಪಿಡಿಯ ಚಿತ್ರದಲ್ಲಿ ಹೆಡರ್ ನೇರವಾಗಿ ನಿಂತಿರುತ್ತದೆ. ಪೆಟ್ಟಿಗೆಯಲ್ಲಿ ಅದು ಕೆಳಗಿನ ಮೂಲೆಯಲ್ಲಿ, ನೋಡುವವರು ನಿಂತ ಕಡೆಗೆ ಅಡ್ಡವಾಗಿಯೋ ತಲೆಕೆಳಗಾಗಿಯೋ ಕಾಣುತ್ತದೆ. ಚಿತ್ರದಲ್ಲಿ ಎಡಕ್ಕಿದ್ದದ್ದು ಬೋರ್ಡಿನಲ್ಲಿ ಬಲಕ್ಕೆ. ಮಕ್ಕಳು ಅರ್ಥವಾಯಿತು ಎಂದು ಒಕ್ಕೊರಲಲ್ಲಿ ಹೇಳಿ, ಆಮೇಲೆ ತಂತಿ ಹಿಡಿದು ದಿಕ್ಕು ತಪ್ಪುವುದು ಇಲ್ಲಿಯೇ.

ಇದಕ್ಕೆ ಪರಿಹಾರ ಸಮಾಜ ವಿಜ್ಞಾನದ ಪಾಠದಲ್ಲಿದೆ. ಊರಿನ ನಕ್ಷೆಯನ್ನು ಓದುವಾಗ ಮೊದಲು ಉತ್ತರ ದಿಕ್ಕನ್ನು ಹೊಂದಿಸಿಕೊಳ್ಳುತ್ತೇವೆ. ಇಲ್ಲಿ ಪಿನ್ನಿಲ್ಲದ ಆ ಹತ್ತನೆಯ ಜಾಗವೇ ಉತ್ತರ. ಒಂದು ಥರ್ಮೋಕೋಲ್ ಹಾಳೆಯಲ್ಲಿ ಊದುಬತ್ತಿಯ ಒಂಬತ್ತು ಕಡ್ಡಿಗಳನ್ನು ಎರಡು ಸಾಲಾಗಿ ನೆಟ್ಟು, ಒಂದು ಜಾಗ ಖಾಲಿ ಬಿಟ್ಟು, ಮಕ್ಕಳ ನಡುವೆ ನೆಲದ ಮೇಲಿಟ್ಟೆ. ಸುತ್ತ ಕೂತವರ ಕೈಯಲ್ಲಿ ಕೈಪಿಡಿಯ ಪುಟ. ತಮ್ಮ ಪುಟದ ಖಾಲಿ ಜಾಗವೂ ಥರ್ಮೋಕೋಲಿನ ಖಾಲಿ ಜಾಗವೂ ಒಂದೇ ಕಡೆ ಬರುವವರೆಗೆ ಕಾಗದವನ್ನು ತಿರುಗಿಸುವುದು ಕೆಲಸ. ಕೂತ ಜಾಗಕ್ಕೆ ತಕ್ಕಂತೆ ಒಬ್ಬರ ಕಾಗದ ನೇರ, ಇನ್ನೊಬ್ಬರದು ಅಡ್ಡ, ಮತ್ತೊಬ್ಬರದು ತಲೆಕೆಳಗು. ತಲೆಕೆಳಗು ಹಿಡಿದು ಓದುವುದು ತಪ್ಪಲ್ಲ ಎಂಬುದೇ ಕೆಲವರಿಗೆ ಹೊಸ ವಿಷಯ. ಆಮೇಲೆ "ಪವರ್ ಬಟನ್ನಿನ ಕಡ್ಡಿಗಳನ್ನು ಮುಟ್ಟಿ" ಎಂದರೆ ಎಲ್ಲ ಬೆರಳುಗಳೂ ಒಂದೇ ಜೋಡಿಗೆ ಬಂದು ಸೇರಿದವು. ಇದಕ್ಕೆ ಹದಿನೈದು ನಿಮಿಷ ಹಿಡಿಯಿತು. ವೀಕ್ಷಣಾ ಪಟ್ಟಿಯಲ್ಲಿ ಹಾಗೆ ಕೂತು ಕಾಗದ ತಿರುಗಿಸುವುದಕ್ಕೆ ಯಾವ ಅಂಕಣವೂ ಇಲ್ಲ, ಕಪ್ಪುಹಲಗೆಯ ಚಿತ್ರಕ್ಕೆ ಇದೆ. ಮಾರ್ಗದರ್ಶಕ ಶಿಕ್ಷಕರು ಇದನ್ನು ಗಮನಿಸಬೇಕೆಂದು ನನ್ನ ಕೋರಿಕೆ.

ಇದಾದ ಮೇಲೆಯೇ ನಿಜವಾದ ಬೋರ್ಡು. ಕ್ಯಾಬಿನೆಟ್ಟನ್ನು ಮಲಗಿಸಿ, ಟಾರ್ಚ್ ಬೆಳಕು ಬಿಟ್ಟು, ಗುಂಪಿನಲ್ಲಿ ಒಬ್ಬರು ನಕ್ಷೆ ಓದಬೇಕು, ಒಬ್ಬರು ಕೈ ಹಾಕಬೇಕು, ಒಬ್ಬರು ಸರಿನೋಡಬೇಕು. ನಕ್ಷೆ ಓದುವವರು ಬೋರ್ಡನ್ನು ಮುಟ್ಟುವಂತಿಲ್ಲ, ಮಾತಿನಲ್ಲೇ ಹೇಳಬೇಕು. ಪ್ರತಿ ತಂತಿಗೂ ಪಾತ್ರ ಬದಲಾಗಬೇಕು. ಹೀಗೆ ನಿಯಮ ಮಾಡದಿದ್ದರೆ ಸ್ಕ್ರೂ ಡ್ರೈವರ್ ಹುಡುಗರ ಕೈಯಲ್ಲೂ ಟಿಪ್ಪಣಿ ಪುಸ್ತಕ ಹುಡುಗಿಯರ ಕೈಯಲ್ಲೂ ಉಳಿದುಬಿಡುತ್ತದೆ, ನಾನು ನೋಡಿದ ಪಾಠಗಳಲ್ಲಿ ಹೆಚ್ಚಿನವು ಹಾಗೆಯೇ ನಡೆದವು. ಹಳೆಯ ಕ್ಯಾಬಿನೆಟ್ಟುಗಳಲ್ಲಿ ಪವರ್ ದೀಪದ ಕನೆಕ್ಟರಿಗೆ ಮೂರು ತೂತುಗಳಿದ್ದು ನಡುವಿನದು ಖಾಲಿ ಇರುತ್ತದೆ. ಅದು ಅಕ್ಕಪಕ್ಕದ ಎರಡು ಪಿನ್ನಿಗೆ ಹೊಂದುವುದಿಲ್ಲ. ಅಂಥ ಕಡೆ ಆ ದೀಪವನ್ನು ಬಿಟ್ಟುಬಿಡಿ. ದೀಪವಿಲ್ಲದೆಯೂ ಯಂತ್ರ ಓಡುತ್ತದೆ.

ಸುಡುವವು

ಯುಎಸ್‌ಬಿ ಹೆಡರ್ ಕೂಡ ಐದೈದರ ಎರಡು ಸಾಲೇ, ಒಂದು ಪಿನ್ ಕಡಿಮೆ. ಇಯರ್‌ಫೋನಿನ ಆಡಿಯೋ ಹೆಡರ್ ಕೂಡ ಹಾಗೆಯೇ. ನೋಡಲು ಮೂರೂ ಅಣ್ಣತಮ್ಮಂದಿರು. ಬೇರೆ ಮಾಡುವುದು ಇಲ್ಲದ ಪಿನ್ ಮಾತ್ರ. ಯುಎಸ್‌ಬಿಯಲ್ಲಿ 9ನೆಯದು ಇಲ್ಲ, ಆಡಿಯೋದಲ್ಲಿ 8ನೆಯದು ಇಲ್ಲ. ಸರಿಯಾದ ಕನೆಕ್ಟರಿನಲ್ಲಿ ಆ ಜಾಗದ ತೂತು ಮುಚ್ಚಿರುತ್ತದೆ, ಹಾಗಾಗಿ ತಪ್ಪು ಕಡೆ ಕೂರುವುದಿಲ್ಲ. ಕೂರದಿದ್ದಾಗ ಬಲ ಹಾಕಬಾರದು ಎಂಬುದಷ್ಟೇ ಇಲ್ಲಿನ ನಿಯಮ. ಯುಎಸ್‌ಬಿ 3ರ ದಪ್ಪ ಕನೆಕ್ಟರಿಗೆ 19 ಪಿನ್ನು, ತೀರ ಸಣ್ಣವು. ಓರೆಯಾಗಿ ಒತ್ತಿದರೆ ಬಾಗುತ್ತವೆ.

ಆಪತ್ತು ಇರುವುದು ಹಳೆಯ ಕ್ಯಾಬಿನೆಟ್ಟುಗಳಲ್ಲಿ. ಕೆಲವದರಲ್ಲಿ ಯುಎಸ್‌ಬಿಯ ನಾಲ್ಕು ತಂತಿಗಳು ಒಂದೊಂದಾಗಿ ಬಿಡಿಬಿಡಿಯಾಗಿ ಬರುತ್ತವೆ. ಹೆಡರಿನ ಸಾಲಿನಲ್ಲಿ 5 ವೋಲ್ಟ್, ದತ್ತಾಂಶದ ಋಣ, ದತ್ತಾಂಶದ ಧನ, ನೆಲ – ಈ ಕ್ರಮ ತಪ್ಪಿ 5 ವೋಲ್ಟೂ ನೆಲವೂ ಅದಲುಬದಲಾದರೆ, ಚುಚ್ಚಿದ ಪೆನ್‌ಡ್ರೈವ್ ಸುಡಬಹುದು, ಬೋರ್ಡಿಗೂ ಹಾನಿಯಾಗಬಹುದು. ಇನ್ನೂ ಹಳೆಯ ಕೆಲವು ಬೋರ್ಡುಗಳಲ್ಲಿ ಫೈರ್‌ವೈರ್ ಎಂಬ ಹೆಡರ್ ಇದೆ. ಇಲ್ಲದ ಪಿನ್ನಿನ ಜಾಗವೂ ಸೇರಿ ಅದರ ಆಕಾರ ಯುಎಸ್‌ಬಿಯದೇ, ಆದರೆ ಅದರಲ್ಲಿ 12 ವೋಲ್ಟ್ ಬರುತ್ತದೆ. 5 ವೋಲ್ಟಿನ ಪೆನ್‌ಡ್ರೈವಿಗೆ ಅದು ತಗುಲಿದರೆ ಉಳಿಯುವುದಿಲ್ಲ. ಇಲ್ಲಿ ಪಿನ್ ಎಣಿಸುವುದು ಸಾಲದು, ಪಕ್ಕದ ಬರಹವನ್ನು ಓದಲೇಬೇಕು.

ಈ ಭಾಗವನ್ನು ಮಕ್ಕಳ ಕೈಗೆ ಕೊಡಬಾರದು ಎಂಬುದು ನನ್ನ ನಿಲುವು. ಬಿಡಿ ತಂತಿಯ ಯುಎಸ್‌ಬಿ ಇದ್ದರೆ ಅದನ್ನು ಟೇಪು ಸುತ್ತಿ ಬದಿಗೆ ಕಟ್ಟಿ, ಹಿಂಭಾಗದ ಯುಎಸ್‌ಬಿಯನ್ನೇ ಬಳಸಿದರಾಯಿತು. ಒಂದೇ ತುಂಡಿನ ಕನೆಕ್ಟರ್ ಇದ್ದರೆ ಶಿಕ್ಷಕರು ನಿಂತು ನೋಡುತ್ತಿರುವಾಗ ಒಬ್ಬ ವಿದ್ಯಾರ್ಥಿ ಹಾಕಬಹುದು, ಉಳಿದವರು ಹೆಡರಿನ ಬರಹವನ್ನು ಗಟ್ಟಿಯಾಗಿ ಓದಿದ ಮೇಲೆ.

ಮೌಲ್ಯಮಾಪನ

'ಪಿನ್ 6ರ ಕೆಲಸವೇನು?' ಎಂಬ ಪ್ರಶ್ನೆಯನ್ನು ಪ್ರಶಿಕ್ಷಣಾರ್ಥಿಗಳು ಬರೆಯುತ್ತಲೇ ಇರುತ್ತಾರೆ. ಕೈಪಿಡಿ ಕೈಯಲ್ಲಿರುವಾಗ ಅದಕ್ಕೆ ಬೆಲೆಯಿಲ್ಲ. ಯಂತ್ರದ ಲಕ್ಷಣ ಹೇಳಿ ಕಾರಣ ಕೇಳುವುದು ಉತ್ತಮ. ಯಂತ್ರ ಓಡುತ್ತಿದೆ, ಹಾರ್ಡ್ ಡಿಸ್ಕಿನ ದೀಪ ಮಾತ್ರ ಮಿನುಗುತ್ತಿಲ್ಲ – ಮೊದಲು ಏನು ಮಾಡುತ್ತೀರಿ? ಪ್ಲಗ್ ಕಿತ್ತು ಕನೆಕ್ಟರನ್ನು ತಿರುವಿ ಹಾಕುತ್ತೇವೆ, ಹೇಗೂ ಸುಡುವುದಿಲ್ಲ ಎಂದು ನಾಲ್ಕು ಗುಂಪುಗಳಲ್ಲಿ ಮೂರು ಬರೆದವು. 'ಹೇಗೂ ಸುಡುವುದಿಲ್ಲ' ಎಂಬ ಮಾತಿಗೆ ನಾನು ಪೂರ್ತಿ ಅಂಕ ಕೊಟ್ಟೆ.

ಎರಡನೆಯ ಪ್ರಶ್ನೆ: ಎಲ್ಲವೂ ಸರಿಯಿದೆ, ಪವರ್ ಬಟನ್ ಮಾತ್ರ ಮುರಿದಿದೆ. ಹೊಸ ಕ್ಯಾಬಿನೆಟ್ಟಿಗೆ ಹಣವಿಲ್ಲ. ಏನು ಮಾಡುತ್ತೀರಿ? ಒಂದು ಗುಂಪು ಅಂಗಡಿಗೆ ಒಯ್ಯುತ್ತೇವೆ ಎಂದಿತು. ಇನ್ನೊಂದು, ಬೇರೆ ಸ್ವಿಚ್ಚು ತಂದು ಬೆಸುಗೆ ಹಾಕುತ್ತೇವೆ ಎಂದಿತು. ಅದೂ ನಡೆಯುವ ಉತ್ತರವೇ. ಮೂರನೆಯ ಗುಂಪಿನವರು ಉತ್ತರ ಬರೆಯುವ ಬದಲು ಎದ್ದು ಹೋಗಿ, ಪ್ಲಗ್ ಕಿತ್ತಿದೆಯೇ ಎಂದು ನೋಡಿ, ರೀಸೆಟ್ಟಿನ ಕನೆಕ್ಟರನ್ನು ಕಿತ್ತು 6 ಮತ್ತು 8ರ ಮೇಲೆ ಕೂರಿಸಿದರು. ಪ್ಲಗ್ ಹಾಕಿ ರೀಸೆಟ್ ಬಟನ್ ಒತ್ತಿದಾಗ ಫ್ಯಾನು ತಿರುಗಿತು. ಆ ಯಂತ್ರ ಈಗಲೂ ಅಭ್ಯಾಸ ಶಾಲೆಯ ಕೊಠಡಿಯಲ್ಲಿ ಹಾಗೆಯೇ ಓಡುತ್ತಿದೆ. ಬಟನ್ನಿನ ಪಕ್ಕದಲ್ಲಿ ಮಕ್ಕಳು ಒಂದು ಚೀಟಿ ಅಂಟಿಸಿದ್ದಾರೆ: 'ಇದೇ ಪವರ್.'